ಕಹಿ ನಾಲಿಗೆಗೆ ತಿಳಿಯದಂತೆ: ಬಾಯಲ್ಲಿ ಕರಗುವ ನೋವಿನ ಮಾತ್ರೆಗಳ ಕುರಿತು ಓದುಗರ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ ವಯಸ್ಸಾದವರ ಮಂಡಿನೋವಿನ ಬಗ್ಗೆ ಬರೆಯುವಾಗ, ನೀರಿಲ್ಲದೆ ನಾಲಿಗೆಯ ಮೇಲಿಟ್ಟರೆ ಸಾಕಾಗುವ ಮಾತ್ರೆಗಳ ಪ್ರಸ್ತಾಪವನ್ನು ಒಂದೇ ಸಾಲಿನಲ್ಲಿ ಮಾಡಿದ್ದೆ. ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಒಂದು ಸಾಲನ್ನು ಹಿಡಿದು ಬರೆದವು. ಮಾತ್ರೆ ತಯಾರಿಕೆಯ ಪ್ರಯೋಗಾಲಯದಲ್ಲಿ ಬಹುಕಾಲ ದುಡಿದವನಾದ ನನಗೆ ಇದು ಹತ್ತಿರದ ವಿಷಯ; ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನ್ನ ತಾಯಿಗೆ 78 ವರ್ಷ. ಎರಡು ವರ್ಷಗಳ ಹಿಂದೆ ಲಕ್ವ ಹೊಡೆದ ಮೇಲೆ ಮಾತ್ರೆ ನುಂಗುವುದು ಅವರಿಗೆ ಕಷ್ಟವಾಗಿದೆ. ಮಂಡಿನೋವಿನ ಮಾತ್ರೆಯನ್ನು ಕುಟ್ಟಿ ಜೇನುತುಪ್ಪದಲ್ಲಿ ಕಲಸಿ ಕೊಟ್ಟರೆ ಕಹಿಗೆ ಉಗಿದುಬಿಡುತ್ತಿದ್ದರು. ಈಗ ವೈದ್ಯರು ಬಾಯಲ್ಲೇ ಕರಗುವ ಮಾತ್ರೆ ಬರೆದುಕೊಟ್ಟಿದ್ದಾರೆ, ಅದನ್ನು ಅವರು ಬೇಸರವಿಲ್ಲದೆ ತೆಗೆದುಕೊಳ್ಳುತ್ತಾರೆ. ಆದರೆ ಕಹಿಯೇ ಇಲ್ಲದ ಮಾತ್ರೆಯಲ್ಲಿ ಔಷಧದ ಅಂಶವನ್ನು ಕಡಿಮೆ ಮಾಡಿರಬಹುದೇ ಎಂಬ ಅನುಮಾನ ನಮ್ಮ ಮನೆಯಲ್ಲಿದೆ. ಆ ಕಹಿ ಎಲ್ಲಿಗೆ ಹೋಯಿತು? (ಹಾವೇರಿ ಜಿಲ್ಲೆಯ ಓದುಗರು)

ಉತ್ತರ: ಕಹಿ ಎಲ್ಲಿಗೂ ಹೋಗಿಲ್ಲ, ಔಷಧವೂ ಕಡಿಮೆಯಾಗಿಲ್ಲ. ಸ್ಟ್ರಿಪ್ಪಿನ ಮೇಲೆ ಎಷ್ಟು ಮಿಲಿಗ್ರಾಂ ಎಂದು ಅಚ್ಚಾಗಿದೆಯೋ ಅಷ್ಟೂ ಔಷಧ ಆ ಮಾತ್ರೆಯಲ್ಲಿದೆ. ತಯಾರಕರು ಮಾಡಿರುವುದು ಇಷ್ಟೇ: ಔಷಧಕ್ಕೂ ನಾಲಿಗೆಗೂ ನಡುವೆ, ಬಾಯಲ್ಲಿರುವ ಆ ಅರೆನಿಮಿಷದ ಮಟ್ಟಿಗೆ, ಒಂದು ತಡೆಯನ್ನು ನಿಲ್ಲಿಸಿದ್ದಾರೆ.

ಯಾವುದೇ ಪದಾರ್ಥದ ರುಚಿ ತಿಳಿಯಬೇಕಾದರೆ ಅದು ಮೊದಲು ಎಂಜಲಿನಲ್ಲಿ ಕರಗಬೇಕು. ಕರಗದ ಪದಾರ್ಥಕ್ಕೆ ನಾಲಿಗೆಯ ಮಟ್ಟಿಗೆ ರುಚಿಯೇ ಇಲ್ಲ. ಸ್ವಚ್ಛವಾದ ಬೆಣಚುಕಲ್ಲನ್ನು ಬಾಯಲ್ಲಿಟ್ಟುಕೊಂಡರೆ ಏನೂ ತಿಳಿಯದಿರುವುದು ಇದೇ ಕಾರಣಕ್ಕೆ. ಕಹಿಯನ್ನು ಗುರುತಿಸಲೆಂದೇ ಮನುಷ್ಯರ ರುಚಿಮೊಗ್ಗುಗಳಲ್ಲಿ ಸುಮಾರು 25 ಬಗೆಯ ಗ್ರಾಹಕಗಳು, ಅಂದರೆ ರುಚಿಯ ಅಣುವನ್ನು ಹಿಡಿದು ಗುರುತಿಸುವ ಪ್ರೋಟೀನುಗಳು, ಇವೆ. ಸಿಹಿಗೆ ಇಷ್ಟು ಕಾವಲಿಲ್ಲ. ವಿಷಕಾರಿ ಸಸ್ಯಗಳಲ್ಲಿ ಬಹಳಷ್ಟು ಕಹಿಯಾಗಿರುವುದರಿಂದ ದೇಹ ಈ ಕಾವಲನ್ನು ಬಿಗಿಯಾಗಿ ಇಟ್ಟುಕೊಂಡಿದೆ ಎಂಬುದು ವಿಜ್ಞಾನಿಗಳ ವಿವರಣೆ. ಪ್ಯಾರಾಸಿಟಮಾಲ್, ಟ್ರಮಡಾಲ್, ಡೈಕ್ಲೋಫೆನಾಕ್ ಮುಂತಾದ ನೋವಿನ ಔಷಧಗಳೆಲ್ಲವೂ ಈ ಕಾವಲಿಗೆ ಸಿಕ್ಕಿಬೀಳುತ್ತವೆ.

ನೀವು ಜೇನುತುಪ್ಪದಿಂದ ಮಾಡಲು ಯತ್ನಿಸಿದ್ದು ಕಹಿಯ ಮೇಲೆ ಸಿಹಿಯನ್ನು ಹೊದಿಸುವ ಕೆಲಸ. ಹಾಗಲಕಾಯಿ ಗೊಜ್ಜಿಗೆ ಹುಳಿ ಬೆಲ್ಲ ಹಾಕುವುದೂ ಇದೇ. ಆದರೆ ಹಾಗಲಕಾಯಿಯ ಕಹಿ ನಮಗೆ ತುಸು ಉಳಿದರೂ ಇಷ್ಟವೇ. ಔಷಧದ ಕಹಿ ಹಾಗಲ್ಲ. ಸಿಹಿ ಬೇಗ ಬಂದು ಬೇಗ ಹೋಗುತ್ತದೆ, ಔಷಧದ ಕಹಿ ತಡವಾಗಿ ಬಂದು ನಾಲಿಗೆಯ ಹಿಂಭಾಗದಲ್ಲಿ ಬಹಳ ಹೊತ್ತು ಕೂರುತ್ತದೆ. ಹೀಗಾಗಿ ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿಯಾದ ಸುಕ್ರಲೋಸನ್ನೇ ಹಾಕಿದರೂ, ಬಹಳ ಕಹಿಯಾದ ಔಷಧವನ್ನು ಸಿಹಿಯೊಂದರಿಂದಲೇ ಮರೆಮಾಚುವುದು ಸಾಧ್ಯವಾಗುವುದಿಲ್ಲ.

ಆದ್ದರಿಂದ ಔಷಧದ ಒಂದೊಂದು ಸೂಕ್ಷ್ಮ ಕಣಕ್ಕೂ ತೆಳುವಾದ ಪದರ ಕಟ್ಟುತ್ತಾರೆ. ಈ ಪದರಕ್ಕೆ ಆರಿಸುವ ಪಾಲಿಮರಿನಲ್ಲಿ (ಸರಪಳಿಯಂತಹ ಉದ್ದ ಅಣುಗಳ ಪದಾರ್ಥದಲ್ಲಿ) ಒಂದು ವಿಶೇಷ ಗುಣವಿರಬೇಕು. ನಮ್ಮ ಎಂಜಲು ಹೆಚ್ಚುಕಡಿಮೆ ತಟಸ್ಥ, ಅದರ ಪಿಎಚ್ (ಆಮ್ಲತೆಯ ಅಳತೆ; 7 ಎಂದರೆ ತಟಸ್ಥ, ಅದಕ್ಕಿಂತ ಇಳಿದಷ್ಟೂ ಹೆಚ್ಚು ಆಮ್ಲ) 6.2ರಿಂದ 7.4ರ ನಡುವೆ ಇರುತ್ತದೆ. ಖಾಲಿ ಹೊಟ್ಟೆಯ ರಸವಾದರೋ ತೀಕ್ಷ್ಣ ಆಮ್ಲ. ಪಿಎಚ್ 5ಕ್ಕಿಂತ ಕೆಳಗೆ ಮಾತ್ರ ಕರಗುವ ಒಂದು ಬಗೆಯ ಮೆಥಾಕ್ರಿಲೇಟ್ ಪಾಲಿಮರ್ ಇದೆ, ಯುಡ್ರಾಜಿಟ್ ಇ ಎಂಬ ಹೆಸರಿನಲ್ಲಿ ಅದು ಔಷಧ ತಯಾರಕರಿಗೆಲ್ಲ ಪರಿಚಿತ. ಈ ಪದರ ತೊಟ್ಟ ಕಣ ಬಾಯಲ್ಲಿ ಬಾಗಿಲು ಮುಚ್ಚಿಕೊಂಡೇ ಇರುತ್ತದೆ, ಹೊಟ್ಟೆಗೆ ಇಳಿದ ಕೂಡಲೇ ತೆರೆದುಕೊಳ್ಳುತ್ತದೆ. ಟ್ರಮಡಾಲ್‌ನಂತಹ, ನೀರಿನಲ್ಲಿ ಬಲು ಸುಲಭವಾಗಿ ಕರಗುವ ಔಷಧಕ್ಕೆ ಇನ್ನೊಂದು ಉಪಾಯವಿದೆ. ನೀರನ್ನು ಮೆದುಗೊಳಿಸುವ ಯಂತ್ರಗಳಲ್ಲಿ ಬಳಸುವ, ಅಯಾನುಗಳನ್ನು (ವಿದ್ಯುದಂಶ ಹೊತ್ತ ಕಣಗಳನ್ನು) ಅದಲುಬದಲು ಮಾಡುವ ಅಯಾನು ವಿನಿಮಯ ರಾಳದ ಔಷಧ ದರ್ಜೆಯ ರೂಪವೊಂದಕ್ಕೆ ಆ ಔಷಧವನ್ನು ಅಂಟಿಸಿಬಿಡುತ್ತಾರೆ. ಬಾಯಲ್ಲಿ ಲವಣಗಳು ಕಡಿಮೆ, ಸಮಯವೂ ಕಡಿಮೆ. ಹೀಗಾಗಿ ರಾಳ ತನ್ನ ಹಿಡಿತವನ್ನು ಬಿಡುವುದಿಲ್ಲ. ಹೊಟ್ಟೆಯ ಆಮ್ಲದಲ್ಲಿ ತುಂಬಿರುವ ಹೈಡ್ರೋಜನ್ ಅಯಾನುಗಳು ಬಂದು ಔಷಧದ ಜಾಗವನ್ನು ತಾವು ಹಿಡಿದು ಅದನ್ನು ಹೊರಗೆ ತಳ್ಳುತ್ತವೆ. ಏಳು ಗ್ಲೂಕೋಸ್ ತುಣುಕುಗಳು ಬಳೆಯಂತೆ ಕೂಡಿದ ಬೀಟಾ ಸೈಕ್ಲೋಡೆಕ್ಸ್‌ಟ್ರಿನ್ ಎಂಬ ಪದಾರ್ಥದ ಒಳಗೆ ಔಷಧದ ಅಣುವನ್ನು ಅಡಗಿಸುವ ವಿಧಾನವೂ ಇದೆ. ಪೈರಾಕ್ಸಿಕಾಮ್ ಔಷಧವನ್ನು ಹೀಗೆ ಮಾಡಿ ಮಾರುತ್ತಾರೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ‘ಬಾಯಲ್ಲಿ ಕರಗುವ’ ಎಂದು ನಾವೆಲ್ಲ ಹೇಳುತ್ತೇವಾದರೂ ಈ ಮಾತ್ರೆ ಕಲ್ಲುಸಕ್ಕರೆಯಂತೆ ಕರಗುವುದಿಲ್ಲ. ಸುಟ್ಟ ಸುಣ್ಣದ ಕಲ್ಲಿಗೆ ನೀರು ಬಿದ್ದಾಗ ಅದು ಬಿರಿದು ಉದುರುತ್ತದಲ್ಲ, ಹಾಗೆ ಇದು ಬಾಯಲ್ಲಿ ಉದುರಿ ನುಣುಪಾದ ಹಿಟ್ಟಾಗುತ್ತದೆ. ಪದರ ತೊಟ್ಟ ಕಣಗಳು ಆ ಹಿಟ್ಟಿನ ಜೊತೆಗೆ ಎಂಜಲಿನಲ್ಲಿ ತೇಲಿಕೊಂಡು ಗಂಟಲಿಗೆ ಇಳಿಯುತ್ತವೆ. ಆದ್ದರಿಂದ ನಿಮ್ಮ ತಾಯಿಯವರು ಆ ಮಾತ್ರೆಯನ್ನು ಹಲ್ಲಿನಿಂದ ಅಗಿಯದಿರುವುದು ಒಳ್ಳೆಯದು. ಅಗಿದರೆ ಪದರ ಒಡೆದು ಕಹಿ ಹೊರಬೀಳುತ್ತದೆ. ವಯಸ್ಸಿನಿಂದಲೋ ಬೇರೆ ಔಷಧಗಳಿಂದಲೋ ಬಾಯಿ ಒಣಗಿದ್ದರೆ ಮೊದಲು ಒಂದು ಗುಟುಕು ನೀರಿನಿಂದ ಬಾಯನ್ನು ಒದ್ದೆ ಮಾಡಿಸಿರಿ.

ಪತ್ರದಲ್ಲಿ ನೀವು ಕೇಳದ ಎರಡು ವಿಷಯಗಳನ್ನು ಹೇಳದೆ ಇರಲಾರೆ. ಲಕ್ವದ ನಂತರ ನುಂಗಲು ಕಷ್ಟವಾಗುವವರಿಗೆ ಆಹಾರವೋ ನೀರೋ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗುವ ಅಪಾಯವಿರುತ್ತದೆ, ಮಾತ್ರೆಯನ್ನು ಬದಲಿಸಿದ ಮಾತ್ರಕ್ಕೆ ಅದು ನೀಗುವುದಿಲ್ಲ. ವಾಕ್ ಚಿಕಿತ್ಸಕರು ನುಂಗುವಿಕೆಯನ್ನೂ ಪರೀಕ್ಷಿಸುತ್ತಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಸೌಲಭ್ಯವಿದೆ. ಎರಡನೆಯದು ಇನ್ನೂ ಮುಖ್ಯ. ಲಕ್ವ ಆದವರಿಗೆ ರಕ್ತ ಹೆಪ್ಪುಗಟ್ಟದಿರಲೆಂದು ಸಣ್ಣ ಪ್ರಮಾಣದ ಆಸ್ಪಿರಿನ್ ಕೊಡುವುದು ವಾಡಿಕೆ. ಐಬುಪ್ರೊಫೆನ್ ಆ ಆಸ್ಪಿರಿನ್ನಿನ ಕೆಲಸಕ್ಕೆ ಅಡ್ಡ ಬರುತ್ತದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2006ರಲ್ಲೇ ಎಚ್ಚರಿಸಿದೆ. ಅಲ್ಲದೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ಸೇರಿದ ಈ ಗುಂಪಿನ ಯಾವ ನೋವಿನ ಮಾತ್ರೆಯಾದರೂ ರಕ್ತ ತೆಳುವಾಗಿಸುವ ಔಷಧದ ಜೊತೆ ಸೇರಿದಾಗ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತದೆ. ತಾಯಿಯವರ ಎಲ್ಲ ಮಾತ್ರೆಗಳ ಸ್ಟ್ರಿಪ್ಪುಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ಅದೇ ವೈದ್ಯರಿಗೆ ತೋರಿಸಿ ಬನ್ನಿರಿ. ಬಾಯಿಗೆ ಹಿತವಾದ ಮಾತ್ರೆ ಹೊಟ್ಟೆಗೂ ಹಿತವೆಂದು ನಂಬಿ ಎಷ್ಟೋ ಮನೆಗಳಲ್ಲಿ ದಿನಕ್ಕೆ ಮೂರು ನಾಲ್ಕು ಕೊಡುವುದನ್ನು ನಾನು ಕಂಡಿದ್ದೇನೆ. ಈ ಗುಂಪಿನ ಔಷಧಗಳು ಹೊಟ್ಟೆಯ ಒಳಪದರವನ್ನು ಕೆಡಿಸುವುದು ಮುಖ್ಯವಾಗಿ ರಕ್ತಕ್ಕೆ ಸೇರಿದ ಮೇಲೆ, ಆ ಪದರವನ್ನು ಕಾಪಾಡುವ ಪ್ರೋಸ್ಟಗ್ಲಾಂಡಿನ್‌ಗಳ ತಯಾರಿಯನ್ನು ನಿಲ್ಲಿಸುವುದರಿಂದ. ಬಾಯಲ್ಲಿ ಹೇಗೆ ಇಳಿಯಿತೆಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಪ್ರಶ್ನೆ: ನಾನು ಕಲಬುರಗಿಯಲ್ಲಿ ಎಂ.ಫಾರ್ಮ್. (ಔಷಧ ವಿಜ್ಞಾನದ ಸ್ನಾತಕೋತ್ತರ ಪದವಿ) ಓದುತ್ತಿದ್ದೇನೆ. ಐಬುಪ್ರೊಫೆನ್ನಿನ ಕಹಿ ಮರೆಸಿದ, ಬೇಗ ಒಡೆಯುವ ಮಾತ್ರೆಯನ್ನು ಪ್ರಬಂಧದ ವಿಷಯವಾಗಿ ಆರಿಸಿಕೊಂಡಿದ್ದೇನೆ. ನೀರಿನಲ್ಲಿ ಕರಗದ ಎಥೈಲ್ ಸೆಲ್ಯುಲೋಸ್ ಪದರ ತೆಳುವಾಗಿದ್ದರೆ ರುಚಿ ಕೆಡುತ್ತದೆ, ದಪ್ಪ ಮಾಡಿದರೆ ಔಷಧದ ಬಿಡುಗಡೆ ನಿಧಾನವಾಗುತ್ತದೆ. ಮಾತ್ರೆಯಂತೂ 20 ಸೆಕೆಂಡಿನಲ್ಲಿ ಒಡೆಯುತ್ತದೆ. ಎರಡರಲ್ಲಿ ಯಾವುದನ್ನು ಬಿಟ್ಟುಕೊಡಬೇಕು?

ಉತ್ತರ: ಎರಡನ್ನೂ ಬಿಟ್ಟುಕೊಡಬೇಡಿರಿ; ಅವೆರಡನ್ನೂ ಒಟ್ಟಿಗೆ ಉಳಿಸಿಕೊಳ್ಳುವುದೇ ನಿಮ್ಮ ಪ್ರಬಂಧ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ನಮ್ಮ ರಾಜ್ಯದ ಫಾರ್ಮಸಿ ಕಾಲೇಜುಗಳಿಂದ ಈ ವಿಷಯದ ಮೇಲೆ ಅನೇಕ ಪ್ರಬಂಧಗಳು ಸಲ್ಲಿಕೆಯಾಗಿವೆ. ನಾನು ಓದಿದವುಗಳಲ್ಲಿ ಹೆಚ್ಚಿನವು ಮಾತ್ರೆ ಎಷ್ಟು ಸೆಕೆಂಡಿಗೆ ಒಡೆಯಿತೆಂಬುದನ್ನೇ ದೊಡ್ಡ ಸಾಧನೆಯಾಗಿ ಹೇಳುತ್ತವೆ. ಕ್ರಾಸ್‌ಪೊವಿಡೋನ್, ಕ್ರಾಸ್‌ಕಾರ್ಮೆಲೋಸ್, ಸೋಡಿಯಂ ಸ್ಟಾರ್ಚ್ ಗ್ಲೈಕೊಲೇಟ್ ಮುಂತಾದ, ಮಾತ್ರೆಯನ್ನು ಬೇಗ ಒಡೆಯಿಸುವ ಪದಾರ್ಥಗಳು ಕೈಗೆ ಸಿಗುವ ಈ ಕಾಲದಲ್ಲಿ ಅದು ಸುಲಭದ ಅರ್ಧ. ಕಷ್ಟದ ಅರ್ಧದಲ್ಲಿ ನೀವು ಸಿಕ್ಕಿಕೊಂಡಿದ್ದೀರಿ ಎಂಬುದೇ ನೀವು ಸರಿಯಾದ ದಾರಿಯಲ್ಲಿರುವುದರ ಗುರುತು.

ಮೊದಲು ನಿಮ್ಮ ಔಷಧದ ಸ್ವಭಾವವನ್ನು ನೋಡಿರಿ. ಐಬುಪ್ರೊಫೆನ್ ಒಂದು ದುರ್ಬಲ ಆಮ್ಲ. ಹೊಟ್ಟೆಯ ಆಮ್ಲದಲ್ಲಿ ಅದು ಬಹಳ ಕಡಿಮೆ ಕರಗುತ್ತದೆ, ಎಂಜಲಿನಂತಹ ತಟಸ್ಥ ದ್ರವದಲ್ಲಿ ಅದಕ್ಕಿಂತ ಹೆಚ್ಚು ಕರಗುತ್ತದೆ. ಮೇಲಿನ ಉತ್ತರದಲ್ಲಿ ಹೇಳಿದ ‘ಬಾಯಲ್ಲಿ ಮುಚ್ಚಿ ಹೊಟ್ಟೆಯಲ್ಲಿ ತೆರೆಯುವ’ ಉಪಾಯಕ್ಕೆ ಈ ಔಷಧದ ನಡತೆ ತಿರುವುಮುರುವು. ಇದನ್ನೇ ಅನುಕೂಲವಾಗಿ ಬಳಸಿಕೊಳ್ಳಬಹುದು: ಔಷಧದ ಕಣಗಳ ಜೊತೆಯಲ್ಲೇ ಫ್ಯೂಮಾರಿಕ್ ಆಮ್ಲವನ್ನೋ ಸಿಟ್ರಿಕ್ ಆಮ್ಲವನ್ನೋ ಇಟ್ಟರೆ ಕಣದ ಸುತ್ತಲಿನ ಎಂಜಲು ಆ ಅರೆನಿಮಿಷ ಹುಳಿಯಾಗಿಯೇ ಉಳಿದು, ಐಬುಪ್ರೊಫೆನ್ ಕರಗುವುದು ತಗ್ಗುತ್ತದೆ. ನಿಂಬೆಯ ಪರಿಮಳ ಇದಕ್ಕೆ ಚೆನ್ನಾಗಿ ಹೊಂದುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಐಬುಪ್ರೊಫೆನ್ನಿನ ತೊಂದರೆ ಬರಿಯ ಕಹಿಯಲ್ಲ, ಗಂಟಲಿನ ಉರಿ. ಫಿಲಡೆಲ್ಫಿಯಾದ ಮೊನೆಲ್ ಸಂಶೋಧನಾ ಕೇಂದ್ರದ ಗ್ಯಾರಿ ಬೋಶಾಂಪ್ ಮತ್ತು ಸಂಗಡಿಗರು, ಆಲಿವ್ ಎಣ್ಣೆ ಗಂಟಲಿನಲ್ಲಿ ಹುಟ್ಟಿಸುವ ಕೆರೆತ ಐಬುಪ್ರೊಫೆನ್ ದ್ರಾವಣದ ಕೆರೆತದಂತೆಯೇ ಇದೆಯೆಂಬ ಸುಳಿವನ್ನು ಹಿಡಿದು ಹೋಗಿ, ಆ ಎಣ್ಣೆಯಲ್ಲಿರುವ ಓಲಿಯೊಕ್ಯಾಂಥಾಲ್ ಕೂಡ ಉರಿಯೂತವನ್ನು ತಗ್ಗಿಸಬಲ್ಲದೆಂದು 2005ರಲ್ಲಿ ತೋರಿಸಿದರು. ಆ ಉರಿ ರುಚಿಮೊಗ್ಗುಗಳ ಮೂಲಕ ಬರುವುದಲ್ಲ, ಗಂಟಲಿನ ನರತುದಿಗಳಲ್ಲಿರುವ ಬೇರೊಂದು ಗ್ರಾಹಕದ ಮೂಲಕ ಬರುವುದು. ಹಾಗಾಗಿ ಆಸ್ಪರ್ಟೇಮ್ ಎಂಬ ಕೃತಕ ಸಿಹಿಯನ್ನು ಹೆಚ್ಚಿಸುತ್ತಾ ಹೋದರೆ ಅದು ತಗ್ಗುವುದಿಲ್ಲ. ಔಷಧ ಗಂಟಲು ದಾಟುವವರೆಗೆ ಕರಗದಂತೆ ನೋಡಿಕೊಳ್ಳುವುದೊಂದೇ ದಾರಿ.

ಪದರದ ವಿಷಯಕ್ಕೆ ಬರೋಣ. ಎಥೈಲ್ ಸೆಲ್ಯುಲೋಸ್ ಬಾಯಲ್ಲೂ ಕರಗದು, ಹೊಟ್ಟೆಯಲ್ಲೂ ಕರಗದು, ಕರುಳಿನಲ್ಲೂ ಕರಗದು. ದಪ್ಪ ಹೆಚ್ಚಿಸಿದಾಗ ನೀವು ಅರಿಯದೆಯೇ ನಿಧಾನ ಬಿಡುಗಡೆಯ ಮಾತ್ರೆಯನ್ನು ತಯಾರಿಸುತ್ತಿದ್ದೀರಿ. ಅದರೊಂದಿಗೆ ನೀರಿನಲ್ಲಿ ಕರಗುವ ಹೈಪ್ರೊಮೆಲೋಸನ್ನು ಸ್ವಲ್ಪ ಬೆರೆಸಿರಿ. ಅದು ಕರಗಿದ ಜಾಗದಲ್ಲಿ ಸೂಕ್ಷ್ಮ ರಂಧ್ರಗಳಾಗುತ್ತವೆ, ಆದರೆ ರಂಧ್ರಗಳಾಗಲು ತುಸು ಸಮಯ ಬೇಕು, ಆ ಸಮಯವೇ ಮಾತ್ರೆ ಬಾಯಲ್ಲಿರುವ ಸಮಯ. ಯುಡ್ರಾಜಿಟ್ ಇ ಬಳಸುವ ಯೋಚನೆಯಿದ್ದರೆ, ಆ ಪಾಲಿಮರ್ ಪ್ರತ್ಯಾಮ್ಲ ಗುಣದ್ದು, ನಿಮ್ಮ ಔಷಧ ಆಮ್ಲ. ಎರಡೂ ಪರಸ್ಪರ ಬೆಸೆದುಕೊಳ್ಳುವುದನ್ನು ಮೊದಲು ಪರೀಕ್ಷಿಸಿಕೊಳ್ಳಿರಿ.

ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚು ಮೋಸಹೋಗುವ ಜಾಗ ಮಾತ್ರೆ ಒತ್ತುವ ಯಂತ್ರ. ಕಣಗಳನ್ನು ಬಿಡಿಯಾಗಿ ರುಚಿ ನೋಡಿದಾಗ ಏನೂ ಕಹಿಯಿರಲಿಲ್ಲ, ಮಾತ್ರೆಯಾದ ಮೇಲೆ ತಡೆಯಲಾರದಷ್ಟು ಕಹಿ. ಒಮ್ಮೆ ಮೂರು ವಾರ ನಾವು ಪರಿಮಳವನ್ನು ಬದಲಿಸುತ್ತಾ ಕಾಲ ಕಳೆದಿದ್ದೆವು. ಕೊನೆಗೆ ತಿಳಿದದ್ದು, ಒತ್ತಡಕ್ಕೆ ಪದರಗಳು ಬಿರುಕು ಬಿಟ್ಟಿದ್ದವು ಎಂದು. ಆದ್ದರಿಂದ ಒತ್ತುವ ಮೊದಲಿನ ಕಣಗಳನ್ನೂ, ಒತ್ತಿದ ಮಾತ್ರೆಯನ್ನೂ ಪಿಎಚ್ 6.8ರ ಹತ್ತು ಮಿಲಿಲೀಟರ್ ದ್ರಾವಣದಲ್ಲಿ ಒಂದು ನಿಮಿಷ ಇಟ್ಟು, ಎಷ್ಟು ಔಷಧ ಹೊರಬಂದಿದೆಯೆಂದು ಅಳೆಯಿರಿ. ಎರಡರ ನಡುವೆ ದೊಡ್ಡ ಅಂತರವಿದ್ದರೆ ತಪ್ಪು ಪದರದ್ದಲ್ಲ, ಒತ್ತಡದ್ದು. ಮೈಕ್ರೋಕ್ರಿಸ್ಟಲೈನ್ ಸೆಲ್ಯುಲೋಸನ್ನು ಮೆತ್ತೆಯಂತೆ ಸೇರಿಸಿ, ಒತ್ತಡವನ್ನು ತಗ್ಗಿಸಿ ನೋಡಿರಿ. ಕಣದ ಗಾತ್ರವನ್ನೂ ಗಮನಿಸಿರಿ: ಸುಮಾರು 200 ಮೈಕ್ರಾನ್ ದಾಟಿದರೆ ನಾಲಿಗೆಗೆ ಮರಳು ಮರಳಾಗಿ ತಿಳಿಯತೊಡಗುತ್ತದೆ, ಬಹಳ ಸಣ್ಣದಾದರೆ ಮೇಲ್ಮೈ ಹೆಚ್ಚಿ ಪದರದ ಪದಾರ್ಥವೇ ಮಾತ್ರೆಯನ್ನು ತುಂಬಿಬಿಡುತ್ತದೆ.

ತೂಕದ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಿರಿ. ಅಮೆರಿಕದ 2008ರ ಮಾರ್ಗಸೂಚಿ ಈ ಬಗೆಯ ಮಾತ್ರೆ ಸುಮಾರು 30 ಸೆಕೆಂಡಿನೊಳಗೆ ಒಡೆಯಬೇಕು, ತೂಕ 500 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ. ಯುರೋಪಿನ ಔಷಧಕೋಶ (ಔಷಧಗಳ ಗುಣಮಟ್ಟದ ಅಧಿಕೃತ ಗ್ರಂಥ) ಮೂರು ನಿಮಿಷದವರೆಗೆ ಅವಕಾಶ ಕೊಡುತ್ತದೆ. 200 ಮಿಲಿಗ್ರಾಂ ಐಬುಪ್ರೊಫೆನ್, ಅದರ ಪದರ, ಒಡೆಯಿಸುವ ಪದಾರ್ಥ, ಮ್ಯಾನಿಟಾಲ್ ಎಂಬ ಸಿಹಿ ಪುಡಿ, ಇತರ ಸಿಹಿ, ಪರಿಮಳ ಎಲ್ಲವೂ ಆ 500ರೊಳಗೆ ಹಿಡಿಯಬೇಕು. 400 ಮಿಲಿಗ್ರಾಮಿನ ಮಾತ್ರೆಯನ್ನು ಇಷ್ಟರಲ್ಲಿ ಹಿಡಿಸುವುದು ಕಷ್ಟವೆಂದು ಇದರಿಂದಲೇ ತಿಳಿಯುತ್ತದೆ. ಪೈರಾಕ್ಸಿಕಾಮಿಗೆ 20 ಮಿಲಿಗ್ರಾಂ ಸಾಕಾಗುವುದರಿಂದ ಅಲ್ಲಿ ಈ ಪೇಚಾಟವಿಲ್ಲ.

ಒದ್ದೆಯಾಗುವ ಸಮಯವನ್ನು ಅಳೆಯಲು ದುಬಾರಿ ಉಪಕರಣ ಬೇಡ. ಆರೂವರೆ ಸೆಂಟಿಮೀಟರ್ ಅಗಲದ ಪೆಟ್ರಿ ತಟ್ಟೆಯಲ್ಲಿ ಮಡಚಿದ ಟಿಶ್ಯೂ ಕಾಗದವಿಟ್ಟು, ಬಣ್ಣ ಬೆರೆಸಿದ ಆರು ಮಿಲಿಲೀಟರ್ ನೀರು ಹಾಕಿ, ಮಾತ್ರೆಯನ್ನು ಮೇಲಿಟ್ಟು, ಬಣ್ಣ ಅದರ ತಲೆಗೆ ಏರುವವರೆಗಿನ ಸೆಕೆಂಡುಗಳನ್ನು ಎಣಿಸಿದರಾಯಿತು. ರುಚಿಯ ಪರೀಕ್ಷೆ ಮಾತ್ರ ಹೀಗೆ ಹಗುರವಾಗಿ ಮಾಡುವಂತಹುದಲ್ಲ. ಸ್ನೇಹಿತರಿಗೆ ಒಂದೊಂದು ಕೊಟ್ಟು ಹೇಗಿದೆಯೆಂದು ಕೇಳುವುದು ಪರೀಕ್ಷೆಯಲ್ಲ, ಸರಿಯೂ ಅಲ್ಲ. ನೈತಿಕ ಸಮಿತಿಯ ಒಪ್ಪಿಗೆ ಪಡೆದು, ಆರೋಗ್ಯವಂತ ಸ್ವಯಂಸೇವಕರು ಗೊತ್ತಾದ ಪ್ರಮಾಣವನ್ನು ಗೊತ್ತಾದ ಹೊತ್ತು ಬಾಯಲ್ಲಿಟ್ಟುಕೊಂಡು ಉಗಿದು, ಬಾಯಿ ಮುಕ್ಕಳಿಸಿ ಅಂಕ ನೀಡುವ ವ್ಯವಸ್ಥೆ ಮಾಡಬೇಕು. ಜಪಾನಿನ ಕ್ಯೂಶೂ ವಿಶ್ವವಿದ್ಯಾಲಯದ ಕಿಯೋಶಿ ಟೋಕೊ ಅವರು ರೂಪಿಸಿದ ಬಗೆಯ ರುಚಿ ಸಂವೇದಕ, ಅಂದರೆ ಎಲೆಕ್ಟ್ರಾನಿಕ್ ನಾಲಿಗೆ, ಎಲ್ಲಾದರೂ ಬಳಕೆಗೆ ಸಿಕ್ಕಿದರೆ ಮನುಷ್ಯರ ನಾಲಿಗೆಗೆ ಮುಟ್ಟಿಸುವ ಮುನ್ನ ಅದರಲ್ಲಿ ಜರಡಿ ಹಿಡಿಯಬಹುದು.

ಪ್ರಶ್ನೆ: ನನಗೆ ಅರೆತಲೆನೋವು ಇದೆ. ನಾಲಿಗೆಯ ಮೇಲೆ ಇಡುವ ರೈಜಟ್ರಿಪ್ಟಾನ್ ಮಾತ್ರೆ ನೇರವಾಗಿ ರಕ್ತಕ್ಕೆ ಸೇರಿ ತಕ್ಷಣ ಕೆಲಸ ಮಾಡುತ್ತದೆಂದು ಔಷಧದ ಅಂಗಡಿಯವರು ಹೇಳಿದರು. ಇದು ನಿಜವೇ? (ಶಿವಮೊಗ್ಗದ ಶಿಕ್ಷಕಿ)

ಉತ್ತರ: ನಿಜವಲ್ಲ, ಆದರೆ ಈ ನಂಬಿಕೆ ಹೇಗೆ ಬಂದಿತೆಂದು ಊಹಿಸಬಹುದು. ಎದೆನೋವು ಬಂದಾಗ ನಾಲಿಗೆಯ ಕೆಳಗೆ ಇಡುವ ಸಾರ್ಬಿಟ್ರೇಟ್ ಮಾತ್ರೆ ನಮ್ಮ ಹಿರಿಯರ ಜೇಬಿನಲ್ಲಿ ಇರುತ್ತದೆ. ಅದು ಬಾಯಿಯ ಒಳಪೊರೆಯ ಮೂಲಕವೇ ರಕ್ತಕ್ಕೆ ಸೇರುತ್ತದೆ. ನಾಲಿಗೆಯ ಮೇಲೆ ಒಡೆಯುವ ಮಾತ್ರೆಯದು ಬೇರೆಯ ಜಾತಿ. ಬಾಯಿಯ ಒಳಪೊರೆಯನ್ನು ದಾಟಬೇಕಾದರೆ ಔಷಧ ಬಾಯಲ್ಲಿ ಕರಗಬೇಕು. ಕರಗಿದರೆ ರುಚಿ ತಿಳಿಯಲೇಬೇಕು. ಕಣಗಳಿಗೆ ಪದರ ಕಟ್ಟಿ ಕಹಿ ಮರೆಸಿದ್ದಾರೆ ಎಂದಮೇಲೆ ಆ ಔಷಧ ಬಾಯಲ್ಲಿ ಕರಗದಂತೆ ಕಟ್ಟಿಹಾಕಿದ್ದಾರೆಂದೇ ಅರ್ಥ. ಅದು ಗಂಟಲಿನಿಂದ ಇಳಿದು, ಎಲ್ಲ ಮಾತ್ರೆಗಳ ಹಾದಿಯಲ್ಲೇ ಹೊಟ್ಟೆಗೆ, ಕರುಳಿಗೆ ಹೋಗಬೇಕು. ಪದರವಿಲ್ಲದೆ ಬರಿಯ ಸಿಹಿ ಪರಿಮಳ ಸೇರಿಸಿದ ಮಾತ್ರೆಯಲ್ಲೂ ಹೆಚ್ಚಿನ ಭಾಗ ಎಂಜಲಿನೊಂದಿಗೆ ಹೊಟ್ಟೆಗೇ ಹೋಗುತ್ತದೆ.

ನೀವು ತೆಗೆದುಕೊಳ್ಳುವ ರೈಜಟ್ರಿಪ್ಟಾನನ್ನೇ ನೋಡಿರಿ. ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮಾಹಿತಿಪತ್ರದ ಪ್ರಕಾರ ನುಂಗುವ ಮಾತ್ರೆಯ ಔಷಧ ರಕ್ತದಲ್ಲಿ ಗರಿಷ್ಠ ಮಟ್ಟ ಮುಟ್ಟಲು 1ರಿಂದ 1.5 ಗಂಟೆ ಬೇಕು, ಬಾಯಲ್ಲಿ ಒಡೆಯುವ ಮಾತ್ರೆಗೆ 1.6ರಿಂದ 2.5 ಗಂಟೆ ಬೇಕು. ಅಂದರೆ ಇದು ತುಸು ನಿಧಾನವೇ. ಹಾಗೆಂದು ಈ ಮಾತ್ರೆಗೆ ಬೆಲೆಯಿಲ್ಲವೆಂದಲ್ಲ. ತಲೆನೋವಿನ ಜೊತೆ ವಾಕರಿಕೆ ಬಂದು ಒಂದು ಗುಟುಕು ನೀರೂ ಸೇರದಿರುವಾಗ, ತರಗತಿಯ ಮಧ್ಯೆಯೋ ಬಸ್ಸಿನಲ್ಲೋ ನೀರು ಸಿಗದಿರುವಾಗ, ನೋವು ಬಲಿಯುವ ಮೊದಲೇ ತೆಗೆದುಕೊಳ್ಳಲು ಆಗುವುದೇ ಇದರ ನಿಜವಾದ ಉಪಕಾರ. ಹತ್ತು ನಿಮಿಷ ಕಳೆದರೂ ನೋವು ಇಳಿಯಲಿಲ್ಲವೆಂದು ಇನ್ನೊಂದನ್ನು ಬಾಯಿಗೆ ಹಾಕಿಕೊಳ್ಳಬೇಡಿರಿ. ತಿಂಗಳಲ್ಲಿ 10 ದಿನ ಅಥವಾ ಅದಕ್ಕಿಂತ ಹೆಚ್ಚು ಇಂತಹ ಟ್ರಿಪ್ಟಾನ್ ಗುಂಪಿನ ಮಾತ್ರೆ ಬೇಕಾಗುತ್ತಿದ್ದರೆ ಆ ಮಾತ್ರೆಯೇ ತಲೆನೋವಿಗೆ ಕಾರಣವಾಗುವ ಸ್ಥಿತಿ ಬರಬಹುದು. ಆಗ ನೋವು ಬಾರದಂತೆ ತಡೆಯುವ ಬೇರೆ ಚಿಕಿತ್ಸೆಯ ಬಗ್ಗೆ ನರರೋಗ ತಜ್ಞರನ್ನು ಕೇಳಬೇಕು.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಪುತ್ತೂರಿನ ಮನೆಯಲ್ಲಿ ಈ ಮಾತ್ರೆಗಳು ಸ್ಟ್ರಿಪ್ಪಿನಿಂದ ತೆಗೆಯುವಾಗಲೇ ಪುಡಿಯಾಗುತ್ತವೆ. ಮಾಮೂಲಿ ಮಾತ್ರೆಯಂತೆ ಗಟ್ಟಿಯಾಗಿ ಮಾಡಲು ಆಗದೇ?

ಉತ್ತರ: ಗಟ್ಟಿಯಾಗಿ ಮಾಡಿದರೆ ಅದು ಬಾಯಲ್ಲಿ ಒಡೆಯದು. ನೀರು ಒಳಗೆ ನುಗ್ಗಲು ಮಾತ್ರೆಯ ತುಂಬ ಸೂಕ್ಷ್ಮ ಕಂಡಿಗಳಿರಬೇಕು, ಆ ಕಂಡಿಗಳೇ ಅದನ್ನು ಮೃದುವಾಗಿಸುತ್ತವೆ. ಕಂಡಿಗಳನ್ನು ಮಾಡುವ ವಿಧಾನಗಳಲ್ಲಿ ಒಂದು ನಮಗೆಲ್ಲ ಬಹಳ ಪರಿಚಿತವಾದ ವಸ್ತುವನ್ನು ಬಳಸುತ್ತದೆ: ಕರ್ಪೂರ. ಔಷಧದೊಂದಿಗೆ ಕರ್ಪೂರವನ್ನು ಬೆರೆಸಿ ಮಾತ್ರೆ ಒತ್ತುತ್ತಾರೆ, ಅನಂತರ ನಿರ್ವಾತದಲ್ಲಿ ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಇಡುತ್ತಾರೆ. ಕರ್ಪೂರ ಆವಿಯಾಗಿ ಹೊರಟುಹೋಗುತ್ತದೆ, ಅದಿದ್ದ ಜಾಗವೆಲ್ಲ ಕಂಡಿಗಳಾಗಿ ಉಳಿಯುತ್ತದೆ. ಇಂಗ್ಲೆಂಡಿನ ಸ್ವಿಂಡನ್‌ನಲ್ಲಿ ಬೆಳೆದ ಝೈಡಿಸ್ ವಿಧಾನದಲ್ಲಿ ಮಾತ್ರೆಯನ್ನು ಒತ್ತುವುದೇ ಇಲ್ಲ. ಔಷಧ, ಜೆಲಾಟಿನ್, ಮ್ಯಾನಿಟಾಲ್ ಬೆರೆತ ದ್ರವವನ್ನು ಗುಳಿಗಳಲ್ಲಿ ಹೊಯ್ದು, ಹೆಪ್ಪುಗಟ್ಟಿಸಿ, ಮಂಜುಗಡ್ಡೆಯನ್ನು ನೇರವಾಗಿ ಆವಿಯಾಗಿಸುತ್ತಾರೆ. ಅದು ಕೆಲವೇ ಸೆಕೆಂಡುಗಳಲ್ಲಿ ಮಾಯವಾಗುವಷ್ಟು ಹಗುರ. ಜೆಲಾಟಿನ್ ಪ್ರಾಣಿಮೂಲದ್ದು, ಸಸ್ಯಾಹಾರ ನಿಯಮವಾಗಿರುವವರು ಕೇಳಿ ತಿಳಿದುಕೊಳ್ಳಬಹುದು.

ಇಂತಹ ಮಾತ್ರೆ ನಿಮ್ಮ ಕರಾವಳಿಯ ಮಳೆಗಾಲದ ಗಾಳಿಯಲ್ಲಿರುವ ತೇವವನ್ನೂ ಎಂಜಲಿನಂತೆಯೇ ಹೀರಿಕೊಳ್ಳುತ್ತದೆ. ಬೆರಳಿನಿಂದ ಒತ್ತಿ ಹೊರತೆಗೆಯುವ ಬದಲು, ಸ್ಟ್ರಿಪ್ಪಿನ ಹಿಂಬದಿಯ ಹಾಳೆಯನ್ನು ಸುಲಿಯುವಂತಿದ್ದರೆ ಸುಲಿದು, ಒಣಗಿದ ಕೈಯಿಂದ ತೆಗೆದು ಆ ಕ್ಷಣವೇ ಬಾಯಿಗೆ ಹಾಕಿಕೊಳ್ಳಿರಿ. ವಾರದ ಮಾತ್ರೆಗಳನ್ನು ಮೊದಲೇ ಬಿಡಿಸಿ ಡಬ್ಬಿಯಲ್ಲಿ ಹಾಕಿಡುವ ಅಭ್ಯಾಸ ಇವಕ್ಕೆ ಸಲ್ಲದು. ತೇವದಿಂದ ಉಬ್ಬಿ ಬಣ್ಣಗೆಟ್ಟ ಮಾತ್ರೆಯನ್ನು ಬಳಸಬೇಡಿರಿ.

ಪ್ರಶ್ನೆ: ನನಗೆ ಸಕ್ಕರೆ ಕಾಯಿಲೆ. ಇಷ್ಟು ಸಿಹಿಯಾದ ಮಾತ್ರೆ ತೆಗೆದುಕೊಳ್ಳಬಹುದೇ?

ಉತ್ತರ: ಅದರ ಸಿಹಿ ಸಾಮಾನ್ಯವಾಗಿ ಮ್ಯಾನಿಟಾಲ್ ಮತ್ತು ಆಸ್ಪರ್ಟೇಮ್ ಅಥವಾ ಸುಕ್ರಲೋಸಿನದು, ಒಟ್ಟು ಮಾತ್ರೆಯ ತೂಕವೇ ಅರ್ಧ ಗ್ರಾಮಿನಷ್ಟು. ರಕ್ತದ ಸಕ್ಕರೆಗೆ ಅದರಿಂದ ಲೆಕ್ಕಕ್ಕೆ ಬರುವಂತಹ ವ್ಯತ್ಯಾಸವಾಗುವುದಿಲ್ಲ. ಬಾಯಲ್ಲಿ ತಣ್ಣಗೆನಿಸುವುದು ಮ್ಯಾನಿಟಾಲ್ ಕರಗುವಾಗ ಬಿಸಿಯನ್ನು ಹೀರಿಕೊಳ್ಳುವುದರಿಂದ. ಫಿನೈಲ್‌ಕೀಟೋನೂರಿಯಾ ಎಂಬ ಅಪರೂಪದ ಹುಟ್ಟುಕಾಯಿಲೆ ಇರುವವರು ಮಾತ್ರ ಆಸ್ಪರ್ಟೇಮನ್ನು ದೂರವಿಡಬೇಕು. ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡಗಳು ದುರ್ಬಲವಾಗಿದ್ದರೆ, ನೀವು ಯೋಚಿಸಬೇಕಾದದ್ದು ಸಿಹಿಯ ಬಗ್ಗೆಯಲ್ಲ, ಒಳಗಿರುವ ನೋವಿನ ಔಷಧದ ಬಗ್ಗೆ.

ಪ್ರಶ್ನೆ: ನನ್ನ ನಾಲ್ಕು ವರ್ಷದ ಮಗಳು ಸಿರಪ್ ಕುಡಿಯುವುದಿಲ್ಲ. ಅವಳ ಅಜ್ಜನಿಗೆ ತಂದ, ಬಾಯಲ್ಲಿ ಕರಗುವ ನಿಮೆಸುಲೈಡ್ ಮಾತ್ರೆಯನ್ನು ಮಿಠಾಯಿಯೆಂದುಕೊಂಡು ಕೇಳುತ್ತಾಳೆ. ಜ್ವರ ಬಂದಾಗ ಅರ್ಧ ಕೊಡಬಹುದೇ? (ಮಂಡ್ಯದ ಓದುಗರು)

ಉತ್ತರ: ಅರ್ಧವೂ ಬೇಡ, ಕಾಲೂ ಬೇಡ. ಯಕೃತ್ತಿಗೆ ಹಾನಿಯಾಗುವ ಭಯದಿಂದ 12 ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ನಿಮೆಸುಲೈಡ್ ಕೊಡುವುದನ್ನು ಭಾರತ ಸರ್ಕಾರ 2011ರಲ್ಲಿ ನಿಷೇಧಿಸಿದೆ. ಮಗುವಿನ ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು; ತೂಕದ ಪ್ರತಿ ಕಿಲೋಗೆ 10ರಿಂದ 15 ಮಿಲಿಗ್ರಾಂ ಲೆಕ್ಕದಲ್ಲಿ, ನಾಲ್ಕರಿಂದ ಆರು ಗಂಟೆಗಳ ಅಂತರದಲ್ಲಿ, ಮಕ್ಕಳ ವೈದ್ಯರು ಹೇಳಿದ ಪ್ರಮಾಣದಲ್ಲಿ ಕೊಡಿರಿ. ಸಿರಪ್ ಉಗಿಯುವ ಮಕ್ಕಳಿಗೆ ನೀರಿನಲ್ಲಿ ಹರಡುವ ಮಾತ್ರೆಗಳಿವೆ, ಸ್ಟ್ರಿಪ್ಪಿನ ಮೇಲೆ ಡಿಟಿ ಎಂದಿರುತ್ತದೆ. ಎಂಡಿ ಎಂದಿರುವುದು ನಾಲಿಗೆಯ ಮೇಲಿಡುವ ಮಾತ್ರೆ. ಎರಡನ್ನೂ ಒಂದೇ ಎಂದು ತಿಳಿಯಬಾರದು. ಭೇದಿಯಾದಾಗ ಆಶಾ ಕಾರ್ಯಕರ್ತೆಯರು ಓಆರ್‌ಎಸ್ ಜೊತೆಗೆ ಕೊಡುವ 20 ಮಿಲಿಗ್ರಾಂ ಜಿಂಕ್ ಮಾತ್ರೆಯನ್ನು ಚಮಚದ ನೀರಿನಲ್ಲಿ ಬಿಟ್ಟು ಕುಡಿಸಿದ್ದು ನಿಮಗೆ ನೆನಪಿರಬಹುದು. ಅದು ಡಿಟಿ ಬಗೆಯದೇ, ಜಿಂಕಿನ ಲೋಹದ ರುಚಿಯನ್ನೂ ಅದರಲ್ಲಿ ಮರೆಸಿರುತ್ತಾರೆ.

ನಿಮ್ಮ ಮಗಳು ಅದನ್ನು ಮಿಠಾಯಿಯೆಂದು ಕೇಳುತ್ತಾಳೆಂಬ ಮಾತು ನನ್ನನ್ನು ಕಳವಳಗೊಳಿಸಿತು. ಕಹಿಯನ್ನು ಮರೆಸುವಾಗ ನಾವು ತಯಾರಕರು ಮಗುವಿನ ಒಂದು ರಕ್ಷಣೆಯನ್ನೂ ತೆಗೆದುಬಿಡುತ್ತೇವೆ. ಕಹಿ ಮಾತ್ರೆಯನ್ನು ಮಗು ತಾನೇ ಉಗಿಯುತ್ತದೆ, ಇದನ್ನು ಇನ್ನೊಂದು ಬೇಕೆನ್ನುತ್ತದೆ. ಅವಳ ಮುಂದೆ ಯಾರೂ ಮಾತ್ರೆಯನ್ನು ಪೆಪ್ಪರ್‌ಮೆಂಟೆಂದು ಕರೆಯದಿರಲಿ. ಅಜ್ಜನ ದಿಂಬಿನ ಪಕ್ಕದಲ್ಲೋ ಕಿಟಕಿಯ ಮೇಲೋ ಇಡದೆ ಬೀಗವಿರುವ ಕಪಾಟಿನಲ್ಲಿ ಇಡಿರಿ. ಎಂದಾದರೂ ಅವಳ ಕೈಯಲ್ಲಿ ಖಾಲಿ ಸ್ಟ್ರಿಪ್ ಕಂಡರೆ, ಮಗು ಆಡಿಕೊಂಡಿದೆಯಲ್ಲ ಎಂದು ಕಾಯಬೇಡಿರಿ, ವಾಂತಿ ಮಾಡಿಸಲೂ ಹೋಗಬೇಡಿರಿ. ಉದಾಹರಣೆಗೆ, ಪ್ಯಾರಾಸಿಟಮಾಲ್ ಅತಿಯಾದಾಗ ಯಕೃತ್ತಿಗೆ ಆಗುವ ಹಾನಿ ಮೊದಲ ದಿನ ಹೊರಗೆ ಕಾಣುವುದೇ ಇಲ್ಲ, ಆದರೆ ಅದಕ್ಕೆ ಕೊಡುವ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷ ಎಂಟು ಗಂಟೆಗಳ ಒಳಗೆ ಸಿಕ್ಕಿದರೆ ಅತ್ಯಂತ ಚೆನ್ನಾಗಿ ಕೆಲಸ ಮಾಡುತ್ತದೆ. ಯಾವ ಮಾತ್ರೆಯಾಗಿದ್ದರೂ ಆ ಖಾಲಿ ಸ್ಟ್ರಿಪ್ಪನ್ನೂ ಮಗುವನ್ನೂ ಕರೆದುಕೊಂಡು ಒಡನೆಯೇ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿರಿ, ಎಷ್ಟು ಗಂಟೆಗೆ ತಿಂದಿರಬಹುದೆಂಬುದನ್ನು ಅಲ್ಲಿನ ವೈದ್ಯರಿಗೆ ಮೊದಲು ಹೇಳಿರಿ.